ಗೋಡೆಯಾಚೆಗೆ ಹೋಗುವ ತಟ್ಟೆ

ಭಾನುವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಮುಂದಿನ ಕೋಣೆಯಿಂದ ಅತ್ತೆ ಎಡ್ನಾಳ ದನಿ ಬಂತು.

"ತಟ್ಟೆ ಹೋಯ್ತಾ?"

ಲೋರ್ನಾ ಇನ್ನೂ ಗ್ರೇವಿ ಕಲಕುತ್ತಿದ್ದಳು. "ಹೋಗ್ತಾ ಇದೆ ಎಡ್ನಾ."

"ಹೋಗ್ತಾ ಇದೆ ಅಂದ್ರೆ ಇನ್ನೂ ಹೋಗಿಲ್ಲ ಅಂತ. ಆ ಮನುಷ್ಯ ಆಗ್ಲೇ ಬಂದು ನಿಂತಿರ್ತಾನೆ."

ನಿಂತಿದ್ದರು. ಪಕ್ಕದ ಮನೆಯ ಟ್ಯಾಟರ್ಸಲ್ ಎಂಬತ್ನಾಲ್ಕು ವರ್ಷದ ಒಂಟಿ ಮನುಷ್ಯ. ಪ್ರತಿ ಭಾನುವಾರ ಟೈ ಕಟ್ಟಿಕೊಂಡು ಹಿತ್ತಲ ಗೋಡೆಯ ಆಚೆ ಕಾಯುತ್ತಿದ್ದರು. ಈಚೆಯಿಂದ ಒಂದು ತಟ್ಟೆ ಹೋಗುತ್ತಿತ್ತು: ಮಾಂಸದ ನಾಲ್ಕು ಹೋಳು, ಹುರಿದ ಆಲೂಗಡ್ಡೆ, ಎಲೆಕೋಸು, ಮೇಲೆ ಗ್ರೇವಿ, ಅದರ ಮೇಲೆ ಮುಚ್ಚಳದಂತೆ ಇನ್ನೊಂದು ತಟ್ಟೆ. ಸೋಮವಾರ ಬೆಳಿಗ್ಗೆ ಎರಡೂ ತಟ್ಟೆ ತೊಳೆದು ಒರೆಸಿ ಗೋಡೆಯ ಮೇಲೆ ಕೂತಿರುತ್ತಿದ್ದವು. ಮಾವ ಕ್ಲಿಫರ್ಡ್ ತೀರಿಕೊಂಡ ಮೇಲೆ, ಆರು ವರ್ಷದ ಹಿಂದೆ, ಲೋರ್ನಾ ಮತ್ತು ಗಂಡ ಗ್ರಹಾಂ ತಮ್ಮ ಬಾಡಿಗೆ ಮನೆ ಬಿಟ್ಟು ಅಲ್ಮಾ ಸ್ಟ್ರೀಟಿನ ಈ ಮನೆಗೆ ಬಂದಿದ್ದರು. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ತಟ್ಟೆ ಹೋಗುತ್ತಲೇ ಇತ್ತು. ಅತ್ತೆಯ ಧಾರಾಳ ಮನಸ್ಸು ಎಂದು ಲೋರ್ನಾ ಅಂದುಕೊಂಡಿದ್ದಳು. ಬೇರೆ ಯಾವುದರಲ್ಲೂ ಆ ಧಾರಾಳ ಕಂಡಿರಲಿಲ್ಲ ಎಂಬುದು ಬೇರೆ ಮಾತು.

ನವೆಂಬರಿನಲ್ಲಿ ಎಡ್ನಾ ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಬಚ್ಚಲೂ ಪಾಯಿಖಾನೆಯೂ ಮಹಡಿಯ ಮೇಲೆ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಮುಂದಿನ ಕೋಣೆಯಲ್ಲೇ ಮಂಚ, ಮಂಚದ ಪಕ್ಕದಲ್ಲಿ ಫೋನು, ಪರದೆಯ ಹಿಂದೆ ಕಮೋಡಿನ ಕುರ್ಚಿ. ಆ ಕುರ್ಚಿಯ ಬಕೆಟ್ಟನ್ನು ದಿನಕ್ಕೆ ನಾಲ್ಕು ಸಲ ಮಹಡಿಗೆ ಹೊತ್ತು ಖಾಲಿ ಮಾಡುವವಳು ಲೋರ್ನಾ. ಶಾಲೆಯ ಅಡಿಗೆಮನೆಯ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಮೂರು ಸಲ.

ಅಂದು ಊಟದ ನಡುವೆ ಗ್ರಹಾಂ ಸುದ್ದಿ ತೆಗೆದ. ಬಸ್ ಓಡಿಸುವ ಮನುಷ್ಯ. ಮಾತನ್ನೂ ನಿಲ್ದಾಣ ಬಂದಾಗಲೇ ನಿಲ್ಲಿಸುವವನು.

"ಮೇಸ್ತ್ರಿ ಡ್ಯಾರೆನ್ ಒಪ್ಪಿದ್ದಾನೆ. ಮಾರ್ಚ್ ಹತ್ತಕ್ಕೆ ಶುರು. ಅಡಿಗೆಮನೆ ಹಿಂದಕ್ಕೆ ಮೂರು ಮೀಟರ್, ಒಂದು ಮಲಗೋ ಕೋಣೆ, ಅದಕ್ಕೇ ಶವರು, ಪಾಯಿಖಾನೆ. ಮೂರು ಮೀಟರ್ ಒಳಗಿದ್ರೆ ಊರಿನ ಕೌನ್ಸಿಲ್ ಅನುಮತಿನೇ ಬೇಡ್ವಂತೆ. ಈಸ್ಟರ್ ಆದ್ಮೇಲೆ ಒಂದು ತಿಂಗಳಲ್ಲಿ ಮುಗಿಸ್ತೀನಿ ಅಂದ."

"ಸಾಂಡ್ರಾಗೆ ಹೇಳು ಹಾಗಂತ," ಎಂದಳು ಎಡ್ನಾ ಮುಂದಿನ ಕೋಣೆಯಿಂದ. ಸಾಂಡ್ರಾ ಅವಳ ಮಗಳು. ಸಮುದ್ರದ ಕಡೆ ಒಂದು ವೃದ್ಧಾಶ್ರಮ ನೋಡಿಟ್ಟಿದ್ದಳು. ಈಸ್ಟರ್ ತನಕ ಏನೂ ಆಗದಿದ್ದರೆ ಅಮ್ಮನಿಗೆ ಅಲ್ಲೇ ಒಂದು ಕೋಣೆ ಎಂದು ಎರಡು ಸಲ ಫೋನಿನಲ್ಲಿ ಹೇಳಿದ್ದಳು.

ಲೋರ್ನಾ ಚಮಚ ಕೆಳಗಿಟ್ಟಳು. "ಶುರು ಮಾಡೋಕೆ ಮುಂಚೆ ಕೌನ್ಸಿಲ್ ಹತ್ರ ಒಂದು ಸಲಹೆ ಕೇಳಿದ್ರೆ? ಅರ್ಜಿ ಅಲ್ಲ, ಬರೀ ಸಲಹೆ. ನೂರಿಪ್ಪತ್ತು ಪೌಂಡು. ಒಬ್ರು ಬಂದು ನೋಡಿ, ಅನುಮತಿ ಬೇಕಾ ಬೇಡ್ವಾ, ಕೇಳಿದ್ರೆ ಸಿಗುತ್ತಾ ಇಲ್ವಾ, ಬರೆದು ಕೊಡ್ತಾರೆ."

"ಎಷ್ಟು ದಿನ?"

"ಆರು ವಾರ."

"ಆರು ವಾರ!" ಗ್ರಹಾಂ ಆಲೂಗಡ್ಡೆಯನ್ನು ಹಾಗೇ ಬಿಟ್ಟ. "ಡ್ಯಾರೆನ್ ಮಾರ್ಚ್ ಬಿಟ್ರೆ ಮತ್ತೆ ಕೈಗೆ ಸಿಗಲ್ಲ. ಬೇಡ ಅನ್ನೋದನ್ನ ಬೇಡ ಅಂತ ಹೇಳಿಸ್ಕೊಳ್ಳೋಕೆ ನೂರಿಪ್ಪತ್ತು ಪೌಂಡಾ?"

"ಬೇಕು ಅಂದ್ರೆ?"

"ಅಮ್ಮಂಗೆ ಒಂದು ಕೆಲಸ ಮಾಡೋಕೆ ಮುಂಚೆ ಹತ್ತು ಜನರ ಹತ್ರ ಕೇಳ್ಬೇಕು ಡ್ಯಾಡ್," ಎಂದಳು ಇಪ್ಪತ್ತು ವರ್ಷದ ಮಗಳು ಬ್ರಯೊನಿ. "ಶಾಂಪೂ ತಗೊಳ್ಳೋಕೂ."

"ನೀನು ಸುಮ್ನಿರು."

"ಯಾರೂ ಯಾರನ್ನೂ ಕೇಳೋದು ಬೇಡ." ಮುಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಎಡ್ನಾ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಮಡಿಲ ಹಲಗೆಯ ಮೇಲಿನ ಊಟ ಮುಟ್ಟಿರಲಿಲ್ಲ. "ಮನೆ ನನ್ ಹೆಸ್ರಲ್ಲಿದೆ. ಕೌನ್ಸಿಲ್‌ನೋರು ಈ ಹೊಸ್ತಿಲು ದಾಟಕೂಡ್ದು. ದಾಟಿದ್ರೆ ನಾನು ಸಾಂಡ್ರಾ ಹೇಳಿದ ಕಡೆಗೇ ಹೋಗ್ತೀನಿ."

ಅಷ್ಟು ಕಟುವಾಗಿ ಹೇಳುವಂಥದ್ದು ಏನಿತ್ತು ಎಂದು ಲೋರ್ನಾಳಿಗೆ ಅರ್ಥವಾಗಲಿಲ್ಲ. ತನ್ನದೇ ತಪ್ಪಿರಬೇಕು, ಊಟದ ಹೊತ್ತಿಗೆ ಮಾತು ತೆಗೆದೆ, ಎಂದುಕೊಂಡು ಅವಳು ತಟ್ಟೆ ಎತ್ತಿದಳು.

ಆದರೆ ಆ ವಾರವೆಲ್ಲ ಅದೇ ತಲೆಯಲ್ಲಿ. ಲೋರ್ನಾ ಮಂಗಳವಾರ ಸಂಜೆಯ ತರಗತಿಗೆ ಹೋಗುತ್ತಿದ್ದಳು. ಬಾಲ್ಯದಲ್ಲಿ ಬಿಟ್ಟ ಪರೀಕ್ಷೆಯನ್ನು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಟ್ಟಿದ್ದಳು. ಸರಕಾರಿ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಕಟ್ಟಡದ ನಿಯಮವನ್ನು ಅವಳು ಹಾಗೇ ಓದಿದಳು. ಮೂರು ಮೀಟರ್ ಎಂದು ಇದ್ದದ್ದು ನಿಜ. ಆದರೆ ಎಲ್ಲಿಂದ ಮೂರು ಮೀಟರ್? 'ಮೂಲ ಮನೆಯ ಹಿಂದಿನ ಗೋಡೆಯಿಂದ' ಎಂದಿತ್ತು. ಆಮೇಲೆ ಸೇರಿಸಿ ಕಟ್ಟಿದ್ದು ಏನಾದರೂ ಇದ್ದರೆ ಅದೂ ಆ ಮೂರು ಮೀಟರಿನಲ್ಲೇ ಸೇರುತ್ತದೆ.

ಬುಧವಾರ ಬಟ್ಟೆ ಒಣಹಾಕಲು ಹೋದವಳು ತಂತಿಯ ಕೆಳಗೇ ನಿಂತುಬಿಟ್ಟಳು. ಆರು ವರ್ಷ ಈ ಹಿತ್ತಲಲ್ಲಿ ಬಟ್ಟೆ ಹರವಿದ್ದಾಳೆ, ಒಂದು ದಿನವೂ ಹೀಗೆ ನೋಡಿರಲಿಲ್ಲ. ಸಾಲಿನ ಅಷ್ಟೂ ಮನೆಗಳ ಹಿಂಭಾಗ ನೇರವಾಗಿ ಒಂದೇ ಗೆರೆಯಲ್ಲಿತ್ತು. ಹೊರಗೆ ಚಾಚಿಕೊಂಡಿದ್ದದ್ದು ತಮ್ಮ ಅಡಿಗೆಮನೆ ಒಂದೇ. ಅದರ ಇಟ್ಟಿಗೆಯೂ ಒಂದು ಬಣ್ಣ ಕಡಿಮೆ ಕೆಂಪು.

"ಎಡ್ನಾ," ಎಂದು ಒಳಗೆ ಬಂದು ಕೇಳಿದಳು, "ಈ ಅಡಿಗೆಮನೆ ಮೊದಲಿಂದಾನೂ ಇತ್ತಾ?"

"ಮೊದಲಿಂದ ಅಂದ್ರೆ?"

"ಮನೆ ಕಟ್ಟಿದಾಗಿಂದ."

"ನಾನು ಬಂದಾಗಿಂದ ಇದೆ." ಎಡ್ನಾ ಕಿಟಕಿಯ ಕಡೆ ತಿರುಗಿದಳು. "ಆ ಬಕೆಟ್ಟು ನೋಡು, ಚಿನ್ನ. ವಾಸನೆ ಬರ್ತಿದೆ."

ವಾಸನೆ ಬರುತ್ತಿರಲಿಲ್ಲ. ಲೋರ್ನಾ ಆಗಷ್ಟೇ ತೊಳೆದು ಇಟ್ಟಿದ್ದಳು. ಆದರೂ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಗುರುವಾರ ಶಾಲೆಯ ಊಟದ ಬಿಡುವಿನಲ್ಲಿ, ತೊಳೆಯುವ ಪಾತ್ರೆಗಳ ಪಕ್ಕದಲ್ಲಿ ನಿಂತು, ಅವಳು ಸಲಹೆಯ ಅರ್ಜಿಯನ್ನು ಫೋನಿನಲ್ಲಿ ತುಂಬಿದಳು. ಹಣ ತನ್ನ ಸಂಬಳದಿಂದ. ಒತ್ತುವ ಮುಂಚೆ ಮೂರು ಸಲ ಅಳಿಸಿ ಮತ್ತೆ ಬರೆದಳು. ಕೋಣೆ ಕಟ್ಟಿದ ಮೇಲೆ ಯಾರೋ ದೂರು ಕೊಟ್ಟು ಒಡೆಯಬೇಕಾಗಿ ಬಂದರೆ ಎಡ್ನಾ ಎಲ್ಲಿ ಹೋಗಬೇಕು? ಅದೊಂದನ್ನೇ ನೆನೆದು ಒತ್ತಿದಳು. ಭಾನುವಾರ ಎಲ್ಲರಿಗೂ ಹೇಳಬೇಕು ಎಂದಿತ್ತು. ಭಾನುವಾರ ಗ್ರಹಾಂ ಒಳ್ಳೆಯ ಮನಸ್ಥಿತಿಯಲ್ಲಿದ್ದ. ಹಾಳು ಮಾಡುವುದು ಬೇಡ ಎನಿಸಿತು. ಮುಂದಿನ ಭಾನುವಾರ ಅವನು ಕೆಟ್ಟ ಮನಸ್ಥಿತಿಯಲ್ಲಿದ್ದ.

ಅರ್ಜಿಯಲ್ಲಿ 'ಮನೆಯ ದೂರವಾಣಿ' ಎಂದು ಒಂದು ಖಾನೆ ಇತ್ತು. ಮನೆಗೆ ದೂರವಾಣಿ ಇದ್ದದ್ದು ನಿಜ, ಹಾಗಾಗಿ ಅವಳು ಪ್ರಾಮಾಣಿಕವಾಗಿ ತುಂಬಿದ್ದಳು. ಆ ಫೋನು ಯಾರ ಮಂಚದ ಪಕ್ಕದಲ್ಲಿದೆ ಎಂದು ಯೋಚಿಸಿರಲಿಲ್ಲ.

ಫೆಬ್ರವರಿ ಮೊದಲ ವಾರ ಕೆಲಸದಿಂದ ಬಂದಾಗ ಎಡ್ನಾ ಕೋಟು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ಕೈಯಲ್ಲಿ ಕೈಚೀಲ.

"ಎಲ್ಲಿಗೆ ಎಡ್ನಾ?"

"ಸಾಂಡ್ರಾ ಬರ್ತಾಳಾ ಅಂತ ನೋಡ್ತಿದ್ದೀನಿ. ಕೌನ್ಸಿಲ್‌ನಿಂದ ಒಬ್ಳು ಫೋನ್ ಮಾಡಿದ್ಲು. ಮುಂದಿನ ಗುರುವಾರ ಹತ್ತು ಗಂಟೆಗೆ ಬರ್ತಾಳಂತೆ. ಮಿಸೆಸ್ ಲೋರ್ನಾ ಓಪನ್‌ಶಾ ಕರೆದಿದ್ದಾರಂತೆ."

ಲೋರ್ನಾಳ ಕಿವಿ ಬಿಸಿಯಾಯಿತು. "ನಾನು ಹೇಳ್ಬೇಕು ಅಂತಿದ್ದೆ."

"ಹೇಳ್ಬೇಕು ಅಂತಿದ್ದೆ! ಬಕೆಟ್ಟು ಹೊತ್ತು ಹೊತ್ತು ಸಾಕಾಯ್ತಾ ನಿಂಗೆ? ಅದನ್ನೇ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ."

ಆ ಸಂಜೆ ಮೊಟ್ಟೆ, ಚಿಪ್ಸ್ ತಟ್ಟೆಯಲ್ಲೇ ಆರಿ ಹೋಯಿತು. ಗ್ರಹಾಂ ಸಮವಸ್ತ್ರ ಕೂಡ ಕಳಚಲಿಲ್ಲ.

"ಅಮ್ಮ ಬೇಡ ಅಂದಿದ್ರು. ನಾನು ಬೇಡ ಅಂದಿದ್ದೆ. ಇನ್ನೆಷ್ಟು ಜನ ಬೇಡ ಅನ್ನಬೇಕಿತ್ತು ನಿಂಗೆ?"

"ಅಳತೆ ಸರಿ ಇಲ್ಲ ಗ್ರಹಾಂ. ಅಡಿಗೆಮನೆ ಆಮೇಲೆ ಕಟ್ಟಿದ್ದಾದ್ರೆ—"

"ನಾನು ಹುಟ್ಟಿದ್ದು ಈ ಮನೇಲಿ! ಆ ಅಡಿಗೆಮನೇಲಿ ಅಂಬೆಗಾಲಿಟ್ಟಿದ್ದೀನಿ! ಯಾವಾಗ್ಲೋ ಕಟ್ಟಿದ್ದು ಅಂತ ನೀನು ಹೇಳಿಕೊಡ್ತೀಯಾ ನಂಗೆ?"

"ಡ್ಯಾಡ್, ಕಿರುಚಬೇಡ," ಎಂದಳು ಬ್ರಯೊನಿ. ಈ ಸಲ ತಮಾಷೆ ಇರಲಿಲ್ಲ. "ಅಜ್ಜಿ ಅಳ್ತಿದ್ದಾರೆ."

ಮೂರು ದಿನ ಎಡ್ನಾ ಚಹಾ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಆದರೆ ತಟ್ಟೆಯ ವಿಷಯ ಮಾತ್ರ ಬಿಡಲಿಲ್ಲ. "ಈ ಭಾನುವಾರ ಮಾಂಸ ಜಾಸ್ತಿ ಹಾಕು ಅವ್ರಿಗೆ," ಎಂದು ಗೋಡೆಯ ಕಡೆ ನೋಡುತ್ತಲೇ ಹೇಳಿದಳು. "ಒಳ್ಳೇ ಹೋಳು."

ಶನಿವಾರ ತಲೆ ತೊಳೆಯುವ ದಿನ. ಲೋರ್ನಾ ಬೇಸಿನ್ನು, ಮಗ್ಗು, ಟವೆಲು ತಂದು ಕುರ್ಚಿಯ ಹಿಂದೆ ನಿಂತಳು. ಗ್ರಹಾಂ ಕೆಲಸಕ್ಕೆ ಹೋಗಿದ್ದ. ಎಡ್ನಾಳ ತಲೆ ಹಿಂದಕ್ಕೆ ಬಾಗಿ, ಕಣ್ಣು ಮುಚ್ಚಿತ್ತು. ನೆನೆದ ಕೂದಲ ಕೆಳಗೆ ತಲೆಬುರುಡೆ ಮಗುವಿನದರಷ್ಟು ಚಿಕ್ಕದೆನಿಸಿತು.

"ಫೋನ್ ಮಾಡಿ ಬರೋದು ಬೇಡ ಅಂತೀನಿ ಎಡ್ನಾ. ಸೋಮವಾರ ಮಾಡ್ತೀನಿ. ನನ್ನದೇ ತಪ್ಪು."

"ಕ್ಲಿಫರ್ಡ್ ಕಟ್ಟಿದ್ದು ಆ ಅಡಿಗೆಮನೆ," ಎಂದಳು ಎಡ್ನಾ. "ಎಪ್ಪತ್ತರಲ್ಲಿ. ಗ್ರಹಾಂ ಹುಟ್ಟೋಕೆ ಎರಡು ವರ್ಷ ಮುಂಚೆ. ಗಿರಣಿ ಒಡೀತಿದ್ರು, ಅಲ್ಲಿಂದ ಕೈಗಾಡೀಲಿ ಇಟ್ಟಿಗೆ ತಂದ. ಎರಡು ಬೇಸಿಗೆ ಹಿಡೀತು. ಯಾರನ್ನೂ ಕೇಳ್ಲಿಲ್ಲ. ಒಂದು ಕಾಗದ ಇಲ್ಲ."

ಲೋರ್ನಾಳ ಕೈ ನಿಂತಿತು.

"ಮಗ್ಗು ಹಿಡಿದ್ಕೊಂಡು ನಿಂತ್ಕೋಬೇಡ, ತಣ್ಣಗಾಗುತ್ತೆ... ಮಾಡು ಹಾಕಿದ ದಿನ ಪಕ್ಕದ ಮನೆಯೋರು ಗೋಡೆ ಮೇಲಿಂದ ಇಣುಕಿ ನೋಡಿದ್ರು. 'ಟೌನ್ ಹಾಲ್‌ನಲ್ಲಿ ಕೇಳಿದ್ರಾ, ಮಿಸ್ಟರ್ ಓಪನ್‌ಶಾ?' ಅಂದ್ರು. ಅಷ್ಟೇ. ನಕ್ಕೊಂಡು ಒಳಗೆ ಹೋದ್ರು. ಆತ ಟೌನ್ ಹಾಲ್‌ನಲ್ಲೇ, ಕೌನ್ಸಿಲ್ ಕಚೇರೀಲಿ, ಗುಮಾಸ್ತ ಆಗ."

"ಟ್ಯಾಟರ್ಸಲ್ ಅವರಾ?"

"ಮಾರನೇ ಭಾನುವಾರ ನಾನು ತಟ್ಟೆ ಕಳಿಸ್ದೆ."

ಲೋರ್ನಾ ಮನಸ್ಸಿನಲ್ಲೇ ಎಣಿಸಲು ಹೋಗಿ ಬಿಟ್ಟಳು. ಐವತ್ತೈದು ವರ್ಷ. ಪ್ರತಿ ಭಾನುವಾರ.

"ಕ್ಲಿಫರ್ಡ್‌ಗೆ ಗೊತ್ತಿತ್ತಾ?"

"ಅವನಿಗೆ ನಾನು ಒಳ್ಳೆಯವಳು ಅಂತ ಅನ್ಸಿತ್ತು." ಎಡ್ನಾ ಕಣ್ಣು ತೆರೆದಳು. ನೀರು ಕಣ್ಣಿನದೋ ಕೂದಲಿನದೋ ಗೊತ್ತಾಗಲಿಲ್ಲ. "ಕೌನ್ಸಿಲ್‌ನೋಳು ಬಂದು ಅಳೆದ್ರೆ ಕಂಡುಹಿಡೀತಾಳೆ. ಒಡೆಸಿಬಿಡ್ತಾರೆ. ಅವನು ಕೈಯಾರೆ ಕಟ್ಟಿದ್ದು ಅದೊಂದೇ. ಒಡೆಸ್ತಾರಾ, ಲೋರ್ನಾ?"

ಒಡೆಸುವುದಿಲ್ಲ ಎಂದು ಹೇಳಿಬಿಡಬೇಕು ಎನಿಸಿತು. ಬಾಯಿಯ ತುದಿಗೆ ಬಂದಿತ್ತು.

"ಗೊತ್ತಿಲ್ಲ ಎಡ್ನಾ. ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ಡ್ಯಾರೆನ್ ಅಳತೆ ಪ್ರಕಾರ ಕಟ್ಟಿದ್ರೆ ಹೊಸ ಕೋಣೇನೂ ಹಾಗೇ ಆಗುತ್ತೆ. ಅನುಮತಿ ಇಲ್ದೇ ಇರೋದು. ಮತ್ತೆ ಮೊದಲಿಂದ ಹೆದರ್ಕೊಂಡು ಕೂರಬೇಕು."

"ನಂಗೆ ಇನ್ನೊಂದು ಐವತ್ತೈದು ವರ್ಷ ಇಲ್ಲ."

"ನಮಗೆ ಇರಬಹುದು. ಬ್ರಯೊನಿಗೆ."

ಎಡ್ನಾ ಟವೆಲನ್ನು ತಾನೇ ಎಳೆದುಕೊಂಡು ತಲೆ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿದಳು.

"ಬರ್ಲಿ ಅವ್ಳು," ಎಂದಳು ಟವೆಲಿನ ಒಳಗಿಂದ. "ಆದ್ರೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕಬೇಡ. ಗ್ರಹಾಂಗೂ ಈಗ್ಲೇ ಹೇಳಬೇಡ. ಮತ್ತೆ ಆ ಹಸಿರು ಕಾರ್ಡಿಗನ್ ಒಗೆದು ಹಾಕು."

ಗುರುವಾರ ಗ್ರಹಾಂ ರಜೆ ಹಾಕಿದ್ದ. ಬಂದವಳ ಜೊತೆ ಜಗಳವಾಡಬೇಕೆಂದೇ ಹಾಕಿದ್ದು. ಆದರೆ ಬಂದವಳು ಮೂವತ್ತು ದಾಟದ ಹುಡುಗಿ, ಸಾಯಿಮಾ ಎಂದು ಹೆಸರು ಹೇಳಿದಳು, ಬಾಗಿಲಲ್ಲೇ ಬೂಟು ಬಿಚ್ಚಲೇ ಎಂದು ಕೇಳಿದಳು. ಜಗಳಕ್ಕೆ ಜಾಗವೇ ಸಿಗಲಿಲ್ಲ.

ಎಡ್ನಾ ಹಸಿರು ಕಾರ್ಡಿಗನ್ ತೊಟ್ಟು, ತುಟಿಗೆ ಬಣ್ಣ ಹಚ್ಚಿ, ನಾಲ್ಕು ಕಾಲಿನ ನಡೆಗೋಲು ಹಿಡಿದು ಅಡಿಗೆಮನೆಯ ನಡುವೆ ನಿಂತಿದ್ದಳು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ.

"ಅಳೆಯೋಕೆ ಮುಂಚೆ ಒಂದು ಮಾತು," ಎಂದಳು. "ನೀವು ನಿಂತಿರೋ ಜಾಗ ನನ್ನ ಗಂಡ ಕಟ್ಟಿದ್ದು. ಸಾವಿರದ ಒಂಬೈನೂರ ಎಪ್ಪತ್ತರಲ್ಲಿ. ಯಾರ ಅನುಮತೀನೂ ತಗೊಳ್ಲಿಲ್ಲ. ಬರ್ಕೊಳ್ಳಿ."

ಗ್ರಹಾಂ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಏನಮ್ಮ ಇದು? ನಂಗೂ ಹೇಳ್ಲಿಲ್ವಲ್ಲ!"

"ಹೇಳಿದ್ರೆ ನೀನು ಸ್ಕೂಲಲ್ಲೆಲ್ಲ ಹೇಳ್ಕೊಂಡು ಬರ್ತಿದ್ದೆ. ನಮ್ಮಪ್ಪ ಕಟ್ಟಿದ್ದು, ನಮ್ಮಪ್ಪ ಕಟ್ಟಿದ್ದು ಅಂತ."

ಸಾಯಿಮಾ ಪುಸ್ತಕ ತೆರೆದಳು, ಆದರೆ ಬರೆಯಲಿಲ್ಲ. ಗೋಡೆಯನ್ನೂ ಮಾಡನ್ನೂ ನೋಡಿದಳು. ಟೇಪು ಹಿಡಿದು ಉದ್ದಗಲ ಅಳೆದಳು. ನಡೆಗೋಲಿನ ಮೇಲೆ ಎಡ್ನಾಳ ಗೆಣ್ಣುಗಳು ಬಿಳಿಚಿಕೊಂಡಿದ್ದನ್ನು ಲೋರ್ನಾ ನೋಡುತ್ತ ನಿಂತಳು.

"ಮಿಸೆಸ್ ಓಪನ್‌ಶಾ, ಇದನ್ನ ಯಾರೂ ಏನೂ ಮಾಡೋಕಾಗಲ್ಲ. ಕೌನ್ಸಿಲ್ ಕ್ರಮ ತಗೊಳ್ಳೋಕೆ ಒಂದು ಗಡುವು ಇರುತ್ತೆ. ಅದು ನಾನು ಹುಟ್ಟೋಕೆ ಮುಂಚೇನೇ ಮುಗಿದಿದೆ."

"ಮುಗಿದಿದೆ ಅಂದ್ರೆ?"

"ಇದು ನಿಮ್ಮದು. ಮುಗೀತು. ಮತ್ತೆ..." ಅವಳು ಟೇಪನ್ನು ಇನ್ನೊಮ್ಮೆ ನೋಡಿದಳು. "ಇಷ್ಟು ಚಿಕ್ಕದು. ನಾನು ಖಚಿತವಾಗಿ ಹೇಳಲಾರೆ, ಆದ್ರೆ ಆ ಕಾಲದಲ್ಲೂ ಇದಕ್ಕೆ ಅನುಮತಿ ಬೇಕಾಗಿರ್ಲಿಕ್ಕಿಲ್ಲ."

ಎಡ್ನಾ ಈಗ ಕೂತಳು. ಲೋರ್ನಾ ಕುರ್ಚಿ ತಳ್ಳದಿದ್ದರೆ ನೆಲದ ಮೇಲೇ ಕೂರುತ್ತಿದ್ದಳು.

"ಬೇಕಾಗೇ ಇರ್ಲಿಲ್ವಾ," ಎಂದಳು.

"ಇರ್ಲಿಕ್ಕಿಲ್ಲ."

ಹೊಸ ಕೋಣೆಯ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಅಡಿಗೆಮನೆಯೂ ಅಳತೆಯಲ್ಲಿ ಸೇರುವುದರಿಂದ ಡ್ಯಾರೆನ್ ಹೇಳಿದ ಹಾಗೆ ಕಟ್ಟುವಂತಿಲ್ಲ, ಅರ್ಜಿ ಹಾಕಲೇಬೇಕು. ಹಿತ್ತಲಲ್ಲಿ ಟ್ಯಾಟರ್ಸಲ್ ಅವರ ಕಿಟಕಿಯ ಕಡೆ ಕೈ ಓರೆಯಾಗಿ ಚಾಚಿ ಸಾಯಿಮಾ ತೋರಿಸಿದಳು: ಕೋಣೆಯನ್ನು ಎರಡು ಅಡಿ ಮೋಟು ಮಾಡಿ, ಆ ಬದಿಗೆ ಚಾವಣಿ ತಗ್ಗಿಸಿ, ಅವರ ಬೆಳಕು ಹೋಗಬಾರದು. ಹಾಗಿದ್ದರೆ ತನಗೇನೂ ಅಡ್ಡಿ ಕಾಣುವುದಿಲ್ಲ. ಆದರೆ ಇದು ಸಲಹೆ ಮಾತ್ರ, ಮಾತು ಕೊಟ್ಟ ಹಾಗಲ್ಲ. ಅರ್ಜಿ ಬಂದ ಮೇಲೆ ಪಕ್ಕದವರಿಗೆ ಪತ್ರ ಹೋಗುತ್ತದೆ, ಆಕ್ಷೇಪಣೆ ಇದ್ದರೆ ಅವರು ಬರೆಯಬಹುದು.

"ಎರಡು ಅಡಿ ಮೋಟಾದ್ರೆ ಅಪ್ಪನ ವಾರ್ಡ್‌ರೋಬ್ ಹಿಡಿಯಲ್ಲ," ಎಂದ ಗ್ರಹಾಂ, ಅವಳು ಹೋದ ಮೇಲೆ.

"ಅದರೊಳಗೆ ಇರೋದು ಅವನ ಎರಡು ಸೂಟು. ಅವನು ಬರಲ್ಲ ಹಾಕ್ಕೊಳ್ಳೋಕೆ," ಎಂದಳು ಎಡ್ನಾ.

ಗ್ರಹಾಂ ಡ್ಯಾರೆನ್‌ಗೆ ಫೋನ್ ಮಾಡಿ ಬಂದ. ಮಾರ್ಚ್ ಹೋಯಿತು, ಇನ್ನು ಸಿಗುವುದು ಜೂನ್ ಕೊನೆಗೆ. ಅವನು ಯಾರ ಮುಖವನ್ನೂ ನೋಡದೆ ಹೇಳಿದ, "ಕಟ್ಟಿ ಅರ್ಧ ಆದ್ಮೇಲೆ ಗೊತ್ತಾಗಿದ್ರೆ ಇನ್ನೂ ಕಷ್ಟ ಆಗ್ತಿತ್ತು." ಅವನ ಬಾಯಲ್ಲಿ ಕ್ಷಮೆ ಎಂದರೆ ಅಷ್ಟೇ. ಲೋರ್ನಾ ಅದನ್ನೇ ತೆಗೆದುಕೊಂಡಳು.

"ಮುಗಿಯೋದು ಆಗಸ್ಟ್ ಅಂದ್ಕೊ," ಎಂದಳು ಎಡ್ನಾ ಸೊಸೆಯ ಕಡೆ ತಿರುಗಿ. "ಅಲ್ಲೀವರೆಗೂ ಆ ಬಕೆಟ್ಟು. ನಾನು ಕೇಳ್ಬಾರದು. ಆದ್ರೂ ಕೇಳ್ತಿದ್ದೀನಿ. ಆಗಲ್ಲ ಅಂದ್ರೆ ಸಾಂಡ್ರಾಗೆ ಹೂಂ ಅಂತೀನಿ, ಬೇಜಾರಿಲ್ಲ."

ಲೋರ್ನಾಳಿಗೆ ತನ್ನ ಸೊಂಟ ನೆನಪಾಯಿತು. ಹದಿಮೂರು ಮೆಟ್ಟಿಲು, ದಿನಕ್ಕೆ ನಾಲ್ಕು ಸಲ. ಆಗುತ್ತದೆಯೋ ಇಲ್ಲವೋ ಅವಳಿಗೆ ಖಚಿತವಿರಲಿಲ್ಲ. ಯಾವುದೂ ಎಂದೂ ಖಚಿತವಿರುತ್ತಿರಲಿಲ್ಲ.

"ರಾತ್ರಿ ಸರದಿ ಗ್ರಹಾಂದು," ಎಂದಳು. "ಬೆಳಿಗ್ಗೇದು ಬ್ರಯೊನಿ. ಉಳಿದಿದ್ದು ನಾನು."

"ನಾನಾ?" ಎಂದರು ಅಪ್ಪ ಮಗಳು ಇಬ್ಬರೂ.

ಎಡ್ನಾ ಹಲಗೆ ಎಳೆದುಕೊಂಡು, "ಬ್ರೆಡ್ಡಿಗೆ ಏನಾದ್ರೂ ಹಚ್ಚಿ ಕೊಡ್ರೋ," ಎಂದಳು.

ಭಾನುವಾರ ಒಂದು ಗಂಟೆ ಹೊಡೆಯಿತು. ಮುಂದಿನ ಕೋಣೆಯಿಂದ ದನಿ ಬರಲಿಲ್ಲ. ಲೋರ್ನಾ ಕಾದು ನೋಡಿ ತಾನೇ ಹೋಗಿ ಕೇಳಿದಳು. "ಎಡ್ನಾ, ತಟ್ಟೆ... ಹಾಕಲಾ?"

ಎಡ್ನಾ ಕೋಟು ಹಾಕಿಕೊಳ್ಳುತ್ತಿದ್ದಳು. "ಹಾಕು. ನೀನು ಹಿಡ್ಕೋ. ನಾನು ಬರ್ತೀನಿ."

ನವೆಂಬರಿನಿಂದ ಅವಳು ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಅಡಿಗೆಮನೆಯ ಹೊಸ್ತಿಲಿನಿಂದ ಗೋಡೆಗೆ ಹನ್ನೊಂದು ಹೆಜ್ಜೆ. ನಡೆಗೋಲು ಕಲ್ಲುಹಾಸಿನ ಮೇಲೆ ಒಂದೊಂದೇ ಸಲ ಟಕ್ಕೆಂದಿತು. ಲೋರ್ನಾ ತಟ್ಟೆ ಹಿಡಿದು ಹಿಂದೆ, ಗ್ರಹಾಂ ಬಾಗಿಲಲ್ಲಿ. ಗೋಡೆಯ ಆಚೆ ಟೈ ಕಟ್ಟಿದ ಟ್ಯಾಟರ್ಸಲ್ ಅವರು ಕೈ ಚಾಚಿದವರು ಅವಳನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು.

"ಮಿಸೆಸ್ ಓಪನ್‌ಶಾ! ಎದ್ದು ಓಡಾಡ್ತಿದ್ದೀರಲ್ಲ!"

"ಮಿಸ್ಟರ್ ಟ್ಯಾಟರ್ಸಲ್," ಎಂದಳು ಎಡ್ನಾ ಉಸಿರು ಹಿಡಿದು. "ನಾವು ಹಿಂದೆ ಒಂದು ಕೋಣೆ ಕಟ್ಟಿಸ್ತಿದ್ದೀವಿ. ನಿಮಗೆ ಕೌನ್ಸಿಲ್‌ನಿಂದ ಪತ್ರ ಬರುತ್ತೆ. ನಿಮ್ಮ ಮನಸ್ಸಲ್ಲಿ ಏನಿದ್ಯೋ ಅದನ್ನ ಬರೀರಿ. ನಂಗೆ ಯಾವ ಹೆದರಿಕೇನೂ ಇಲ್ಲ. ಕ್ಲಿಫರ್ಡ್ ಕಟ್ಟಿದ್ದರ ಬಗ್ಗೆ ನೀವು ಆವಾಗ ಟೌನ್ ಹಾಲ್‌ನಲ್ಲಿ ಹೇಳಿದ್ರೂ ಏನೂ ಆಗ್ತಿರ್ಲಿಲ್ಲ. ತಿಳ್ಕೊಳ್ಳಿ."

ಮುದುಕರ ಮುಖದಲ್ಲಿ ಗೊಂದಲ ತುಂಬಿಕೊಂಡಿತು. ಲೋರ್ನಾಳನ್ನು ನೋಡಿದರು, ಅಡಿಗೆಮನೆಯನ್ನು ನೋಡಿದರು.

"ಟೌನ್ ಹಾಲ್‌ನಲ್ಲಿ ನಾನು ಯಾರಿಗೆ ಹೇಳ್ಲಿ, ಮಿಸೆಸ್ ಓಪನ್‌ಶಾ? ನಾನು ಇದ್ದದ್ದು ಸ್ಮಶಾನದ ವಿಭಾಗದಲ್ಲಿ. ಮೂವತ್ತಾರು ವರ್ಷ. ಯಾವ ಗುಂಡಿ ಯಾರದು ಅಂತ ಬರೆದಿಡೋದು."

"ಕೇಳಿದ್ರಾ ಅಂತ ನೀವು ಕೇಳಿದ್ರಿ! ಮಾಡು ಹಾಕಿದ ದಿನ!"

"ಕೇಳಿದ್ನಾ?" ಅವರು ಬಹಳ ಯೋಚಿಸಿದರು. "ಕೇಳಿರಬಹುದು. ನಮ್ಮಮ್ಮಂಗೂ ಅಂಥದೊಂದು ಅಡಿಗೆಮನೆ ಬೇಕಿತ್ತು. ಹೇಗೆ ಅರ್ಜಿ ಹಾಕೋದು ಅಂತ ನಿಮ್ಮ ಯಜಮಾನ್ರನ್ನ ಕೇಳೋಣ ಅಂತಿದ್ದೆ. ಮಾರನೇ ವಾರ ನೀವು ಊಟ ಕಳಿಸಿದ್ರಿ. ಅಮ್ಮಂಗೆ ಅಷ್ಟು ಸಂತೋಷ ಆಯ್ತು, ಅಡಿಗೆಮನೆ ಮಾತೇ ಬಿಟ್ಟುಬಿಟ್ರು."

ಬಾಗಿಲಲ್ಲಿ ಗ್ರಹಾಂ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಲೋರ್ನಾಳಿಗೆ ಗೊತ್ತಾಯಿತು, ಆದರೆ ಅವಳು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಎಡ್ನಾ ನಡೆಗೋಲು ಹಿಡಿದು ನಿಂತೇ ಇದ್ದಳು. ತಟ್ಟೆಯ ಸಂದಿಯಿಂದ ಗ್ರೇವಿಯ ಹಬೆ ಏಳುತ್ತಿತ್ತು. ಟ್ಯಾಟರ್ಸಲ್ ಅವರು ಅದರ ಕಡೆ ಒಮ್ಮೆ ನೋಡಿ, ಮರ್ಯಾದೆಗೆ ಬೇರೆ ಕಡೆ ನೋಡಿ, ತಡೆಯಲಾರದೆ ಕೇಳಿದರು.

"ಪತ್ರಕ್ಕೆ ನಾನು ಏನು ಬರೆದ್ರೂ... ಭಾನುವಾರದ್ದು ನಿಲ್ಲಲ್ಲ ಅಲ್ವಾ?"

ಎಡ್ನಾ ಬಲಗೈಯನ್ನು ನಡೆಗೋಲಿನಿಂದ ಬಿಡಿಸಿದಳು. ಲೋರ್ನಾಳ ಕೈಯಿಂದ ತಟ್ಟೆ ತೆಗೆದುಕೊಂಡಳು. ಒಂದೇ ಕೈಯಲ್ಲಿ ಅದು ವಾಲಿತು, ಗ್ರೇವಿ ಅವಳ ಕೋಟಿನ ತೋಳಿಗೆ ಸುರಿಯಿತು. ಲೋರ್ನಾ ಕೆಳಗಿನಿಂದ ಕೈ ಕೊಡಲು ಹೋಗಿ, ಕೊಡದೆ ನಿಂತಳು.

"ಆರಿ ಹೋಗುತ್ತೆ," ಎಂದಳು ಎಡ್ನಾ, ತಟ್ಟೆಯನ್ನು ಗೋಡೆಯ ಮೇಲೆ ದಾಟಿಸುತ್ತ. "ಒಳಗೆ ಹೋಗಿ ತಿನ್ನಿ."